ಮೈಮೇಲಿನ ಸೀರೆ

ಬಕೆಟ್ಟು ಚಲುವಮ್ಮನ ಕೈಯಿಂದ ಜಾರಿ ಕೊಟ್ಟಿಗೆಯ ಕಲ್ಲಿನ ಮೇಲೆ ಬಿತ್ತು. ಆ ಸದ್ದಿಗೆ ಸಿಂಧಘಟ್ಟದ ಹುಂಜಗಳೆಲ್ಲ ಅರ್ಧ ಕೂಗಿದ್ದನ್ನು ಅಲ್ಲಿಗೇ ನುಂಗಿಕೊಂಡವು. ಕಿಕ್ಕೇರಿಯಲ್ಲಿ ಮಲಗಿದ್ದವರೂ ಮಗ್ಗುಲು ಬದಲಿಸಿದರೆಂದು ಹೇಳುವವರಿದ್ದಾರೆ. ಬಕೆಟ್ಟಿನಲ್ಲಿದ್ದದ್ದು ಮಾತ್ರ ಅರ್ಧ ಸೇರು ಹಾಲು. ಅದು ಗಂಜಲದ ಕಾಲುವೆಯಲ್ಲಿ ಬೆಳ್ಳಗೆ ಹರಿದುಹೋಗುವುದನ್ನು ಅವಳು ನೋಡುತ್ತ ಕೂತಳು. ಬಕೆಟ್ಟು ಎತ್ತಲು ಹೋಗಲಿಲ್ಲ. ಎತ್ತಬೇಕಾದರೆ ಬೆರಳು ಮಡಿಸಬೇಕು.

ಬಾಗಿಲಲ್ಲಿ ಗಂಡ ನಿಂತಿದ್ದ. ಹೆಸರಿಗೆ ಕುಳ್ಳಯ್ಯ, ಆಳು ಮಾತ್ರ ದೋಟಿಯಿಲ್ಲದೆ ಎಳನೀರು ಕೀಳುವಂಥವನು. ಬಗ್ಗಿಕೊಂಡೇ ಒಳಗೆ ಬಂದ.

"ಇವತ್ತೂ ಚೆಲ್ಬುಟ್ಯಾ?"

"ಊಂ."

"ಜ್ವರ ಓಗಿ ಮೂರು ತಿಂಗ್ಳಾಯ್ತು ಕಣಮ್ಮಿ."

"ಜ್ವರ ಓಯ್ತು. ಅದ್ರ ಸಾಮಾನೆಲ್ಲ ಇಲ್ಲೇ ಬುಟ್ಟೋಗೈತೆ," ಎಂದು ಅವಳು ಬೆರಳ ಗೆಣ್ಣುಗಳನ್ನು ತೋರಿಸಿದಳು.

ಊರಿಗೆ ಮೊದಲ ಎಸ್‌ಟಿಡಿ ಬೂತು ಬಂದ ವರ್ಷ ಅದು. ಬೂತಿನ ಹಿಂದೆಯೇ ಜ್ವರವೂ ಬಂತು. ನಾಗಮಂಗಲದಲ್ಲಿ ಬಸ್ಸು ಹತ್ತಿ, ಪೇಟೆಯಲ್ಲಿ ಇಳಿದು, ಟಿಕೆಟ್ಟು ಕೊಳ್ಳದೆ ಮನೆಮನೆಗೂ ನುಗ್ಗಿತು. ಗೌರಿಹಬ್ಬದ ಹಿಂದಿನ ದಿನ ಮಲಗಿದ ಚಲುವಮ್ಮ ಎಂಟು ದಿನ ಏಳಲಿಲ್ಲ. ಅವಳ ಹಣೆಯ ಮೇಲೆ ರೊಟ್ಟಿ ತಟ್ಟಿದ್ದರೆ ಉಬ್ಬಿ ಬೇಯುತ್ತಿತ್ತು. ಒಂಬತ್ತನೆಯ ದಿನ ಮೈ ತಣ್ಣಗಾಯಿತು, ಆದರೆ ಕೀಲುಗಳು ಅವಳ ಮಾತು ಕೇಳುವುದನ್ನು ಬಿಟ್ಟವು. "ವೈರಲ್ಲು ಕಣಮ್ಮ. ಮೂರು ತಿಂಗಳೋ ಆರು ತಿಂಗಳೋ, ನೋವು ತಾನಾಗೇ ಹೋಗುತ್ತೆ. ಕೈಗೆ ಕೆಲಸ ಕೊಡಬೇಡ," ಎಂದಿದ್ದರು ಪೇಟೆಯ ಡಾಕ್ಟರು. ಇಷ್ಟುದ್ದದ ಮಾತಿನಲ್ಲಿ ಕುಳ್ಳಯ್ಯನ ಕಿವಿಗೆ ಬಿದ್ದದ್ದು 'ತಾನಾಗೇ ಹೋಗುತ್ತೆ' ಎಂಬುದಷ್ಟೇ.

ಅದು ಹೋಗಲಿಲ್ಲ. ಅಂಗಳ ದಾಟಿ ನೀರಿನ ತೊಟ್ಟಿಯ ತನಕ ನಡೆದರೆ ಮೇಲುಕೋಟೆ ಬೆಟ್ಟ ಹತ್ತಿ ಇಳಿದಷ್ಟು ಸುಸ್ತು. ತಲೆ ಬಾಚಿದರೆ ಎಕರೆ ಗದ್ದೆ ನಾಟಿ ಹಾಕಿದಷ್ಟು. ಮುದ್ದೆ ತೊಳಸಲು ಕೋಲು ಹಿಡಿದರೆ ಮೊಣಕೈ ತನಕ ಯಾರೋ ಸೂಜಿ ಪೋಣಿಸಿದಂತೆ. ಹಾಗಂತ ತೋರಿಸಲು ಏನೂ ಇರಲಿಲ್ಲ. ಬೆರಳು ಊದಿಲ್ಲ, ಕೆಂಪಾಗಿಲ್ಲ. "ಜ್ವರದ ನೆಪ ಇಟ್ಕಂಡು ಮಲಗಾಕೆ ನಮ್ಗೂ ಬತ್ತದೆ," ಎಂದು ಪಕ್ಕದ ಮನೆಯ ಚಿಕ್ಕಬೋರಮ್ಮ ಗೋಡೆಗೆ ಹೇಳಿಕೊಳ್ಳುತ್ತಿದ್ದಳು, ಗೋಡೆಯಾಚೆಗೂ ಕೇಳುವಂತೆ. ಕುಳ್ಳಯ್ಯ ಹಾಗೆ ಅನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ.

ಹಿಂದೆ ಚಲುವಮ್ಮ ಹಾಲು ಕರೆದರೆ ನೊರೆ ಬಕೆಟ್ಟಿನಿಂದೆದ್ದು ಕೊಟ್ಟಿಗೆಯ ಹೆಂಚು ಮುಟ್ಟುತ್ತಿತ್ತು. ಬೂದಿ ಎಂಬ ಆ ಸೀಮೆಹಸುವಿನ ಕರು ಇಪ್ಪತ್ತನೇ ದಿನಕ್ಕೆ ಸತ್ತಾಗ ಹಸು ಹಾಲನ್ನು ಮೇಲಕ್ಕೇ ಹಿಡಿದುಕೊಂಡಿತ್ತು. ಚಲುವಮ್ಮ ನಾಲ್ಕು ದಿನ ಅದರ ಕೊರಳು ತುರಿಸುತ್ತ ಮಾತಾಡಿದ ಮೇಲೆ ತೊರೆ ಬಿಟ್ಟಿತು. ಅಂದಿನಿಂದ ಹಾಲು ಇಳಿಸುತ್ತಿದ್ದದ್ದು ಅವಳೊಬ್ಬಳಿಗೇ. ಈಗ ಅವಳ ಬೆರಳು ಕೊನೆ ತನಕ ಹಿಂಡುತ್ತಿರಲಿಲ್ಲ. ಉಳಿದ ಹಾಲಿಗೆ ಕೆಚ್ಚಲಿನ ಒಂದು ಮೂಲೆ ಆಗಲೇ ಗಟ್ಟಿಯಾಗಿತ್ತು.

"ನಾಳೆ ಬೆಳಿಗ್ಗೆ ಮುದ್ದಯ್ಯ ಬತ್ತಾನೆ," ಎಂದ ಕುಳ್ಳಯ್ಯ. ಮುದ್ದಯ್ಯ ದನದ ದಲ್ಲಾಳಿ. "ಕೆಚ್ಚಲು ಪೂರ್ತಿ ಕೆಡೋಕ್ ಮುಂಚೆ ಕೊಟ್ಬುಡವ."

"ಕೊಡಾಕಿಲ್ಲ."

"ಕರೆಯೋರ್ಯಾರು ಮತ್ತೆ?"

"ನೀನು."

ಕುಳ್ಳಯ್ಯ ನಕ್ಕ. "ಗಂಡುಸ್ರು ಕೂತ್ರೆ ಅದು ಕೊಟ್ಟದಾ?"

"ನನ್ ಸೀರೆ ಉಟ್ಕ."

ಹೆಂಗಸು ಬಾಣಂತನಕ್ಕೋ ಸಾವಿಗೋ ಹೋದಾಗ ಗಂಡ ಅವಳ ಸೀರೆ ಸುತ್ತಿಕೊಂಡು ಹಾಲು ಕರೆಯುವುದು ಆ ಸೀಮೆಯಲ್ಲಿ ಹೊಸದೇನಲ್ಲ. ಎಲ್ಲರೂ ಮಾಡಿದವರೇ, ಒಪ್ಪಿಕೊಂಡವನು ಮಾತ್ರ ಇನ್ನೂ ಹುಟ್ಟಿಲ್ಲ. ಕುಳ್ಳಯ್ಯ ದಿನವಿಡೀ ಮೀಸೆ ಸವರಿಕೊಂಡು ಓಡಾಡಿದ. ಸಂಜೆ ಅವಳಿಂದ ಬೀಗದಕೈ ಇಸಿದುಕೊಂಡು ಟ್ರಂಕು ತೆಗೆದ.

ಅಲ್ಲಿ ಆದದ್ದೇ ತಪ್ಪು. ಹಸುವಿನ ಮುಂದೆ ಹಳೆ ಸೀರೆಯಲ್ಲಿ ಹೋಗುವುದು ಅಷ್ಟು ಚೆನ್ನಾಗಿರುವುದಿಲ್ಲವೆಂದು ಅವನು ಧಾರೆಯ ರೇಷ್ಮೆ ಸೀರೆಯನ್ನೇ ಸುತ್ತಿಕೊಂಡ. ಅದು ಅವನ ಮೊಣಕಾಲಿಗೆ ಬಂತು. ಹದಿನಾರು ವರ್ಷದ ನುಸಿಗುಳಿಗೆಯ ವಾಸನೆ ಬೂದಿಯ ಮೂಗಿಗೆ ಬಡಿಯಿತು. ಅದು ಒಮ್ಮೆ ಸೀನಿತು, ಒಮ್ಮೆ ಕಾಲು ಬೀಸಿತು. ಕುಳ್ಳಯ್ಯ ಬಿದ್ದ ರಭಸಕ್ಕೆ ಕನ್ನಂಬಾಡಿ ಕಟ್ಟೆಯ ನೀರು ಒಂದಡಿ ಮೇಲೆದ್ದು ಇಳಿಯಿತು.

"ಕುಳ್ಳಯ್ಯಣ್ಣ, ಧಾರೆ ಎಷ್ಟ್ ಗಂಟೆಗೆ?" ಗೋಡೆಯ ಮೇಲೆ ಚಿಕ್ಕಬೋರಮ್ಮನ ತಲೆ.

"ನಿನ್ ಗಂಡನ್ ಕಳ್ಸು, ಈಗ್ಲೇ ಮುಗುಸ್ಬುಡ್ತೀನಿ!"

ಚಲುವಮ್ಮ ಮೂರು ತಿಂಗಳಲ್ಲಿ ಮೊದಲ ಸಲ ನಕ್ಕಳು. ಆ ನಗುವಿಗೇ ಸುಸ್ತಾಗಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು.

"ಅದ್ಕೆ ಬಟ್ಟೆ ಕಾಣಾಕಿಲ್ಲ. ವಾಸ್ನೆ ಕಾಣ್ತದೆ. ಬೆಳಿಗ್ಗೆ ಈ ಮೈಮ್ಯಾಲಿನ್ ಸೀರೆ ಕೊಡ್ತೀನಿ ಬುಡು," ಎಂದಳು ಕಣ್ಣು ತೆರೆಯದೆ.

ಬೆಳಿಗ್ಗೆ ಅವಳು ಸೆರಗಿನ ತುದಿಯನ್ನು ಅವನ ಕೈಗೆ ಕೊಟ್ಟಳು. "ನೀನೇ ಬಿಚ್ಕ. ನನ್ ಕೈಲಾಗಾಕಿಲ್ಲ." ಸೀರೆ ಸಗಣಿ, ಹಾಲು, ನೀಲಗಿರಿ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಕುಳ್ಳಯ್ಯ ಅದನ್ನು ಸೊಂಟಕ್ಕೆ ಸುತ್ತಿ, ಸೆರಗು ಹೆಗಲಿಗೆ ಎಳೆದುಕೊಳ್ಳುವಾಗ ತಡೆದು ನಿಂತ. ಸೆರಗಿನ ಮೂಲೆ ಎಳೆಎಳೆಯಾಗಿ ಹರಿದಿತ್ತು.

"ಇದೇನಮ್ಮಿ, ಇಲಿ ಕಡ್ದಂಗೈತೆ?"

"ಇಲಿಯಲ್ಲ, ನಾನೇ."

"ನೀನಾ?"

"ಬೀಗದಕೈ ಗಂಟು ಹಾಕಿರ್ತೀನಲ್ಲ. ಬೆರಳಲ್ಲಿ ಬಿಚ್ಚಾಕಾಗಾಕಿಲ್ಲ. ಹಲ್ಲಲ್ಲಿ ಕಚ್ಚಿ ಬಿಚ್ತೀನಿ."

ಕುಳ್ಳಯ್ಯ ಆ ಎಳೆಗಳನ್ನು ಬೆರಳ ನಡುವೆ ಉಜ್ಜಿದ. ದಿನಕ್ಕೆ ನಾಲ್ಕು ಸಲ ಅವಳ ಹತ್ತಿರ ಬೀಗದಕೈ ಕೇಳುತ್ತಿದ್ದವನು ಅವನು. ನಿನ್ನೆಯ ರೇಷ್ಮೆ ಸೀರೆ ಗಳುವಿನ ಮೇಲಿತ್ತು. ಅದನ್ನೇ ತಂದು ಅವಳಿಗೆ ಸುತ್ತಿದ. ನೆರಿಗೆ ಹಿಡಿಯಲು ಮೂರು ಸಲ ನೋಡಿದ. ಕಡೆಗೆ ಹುಲ್ಲಿನ ಕಂತೆಯ ಹಾಗೆ ಮುದುರಿ ಸಿಕ್ಕಿಸಿದ.

ಕೊಟ್ಟಿಗೆಯಲ್ಲಿ ಚಲುವಮ್ಮ ಬೂದಿಯ ಕೊರಳ ಹತ್ತಿರ ಮಣೆ ಹಾಕಿ ಕೂತಳು. ಕುಳ್ಳಯ್ಯ ಮೊಣಕಾಲ ಮಧ್ಯೆ ಬಕೆಟ್ಟಿಟ್ಟುಕೊಂಡ. ಹಸು ತಿರುಗಿ ಅವನ ಸೆರಗನ್ನು ಮೂಸಿತು, ಒಂದು ಬೆಳೆ ಬಂದು ಕೊಯ್ಲಾಗುವಷ್ಟು ಹೊತ್ತು ಮೂಸಿತು. ಒದೆಯಲಿಲ್ಲ. ಹಾಲನ್ನೂ ಬಿಡಲಿಲ್ಲ.

"ಎಳೀಬ್ಯಾಡ. ಹಿಂಡು. ಮ್ಯಾಲಿನ ಬೆರಳು ಮೊದ್ಲು, ಆಮೇಲೆ ಕೆಳಗಿಂದು," ಎಂದು ಅವನಿಗೆ ಹೇಳಿ, ಅದೇ ದನಿಯಲ್ಲಿ ಹಸುವಿಗೆ ಹೇಳಿದಳು: "ಬುಡು ಮಗ. ನಂಗೂ ಆಗಾಕಿಲ್ಲ ಕಣೆ. ಸಾಕಾಗೈತೆ. ಬುಡು ನನ್ನವ್ವ."

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬೂದಿ ಬೆನ್ನು ಸಡಿಲ ಬಿಟ್ಟಿತು. ಬಕೆಟ್ಟಿನ ತಳಕ್ಕೆ ಒಂದು ಗೆರೆ ಚೊರ್ ಎಂದು ಬಡಿಯಿತು, ಅದರ ಹಿಂದೆ ಇನ್ನೊಂದು.

ಅರ್ಧ ಬಕೆಟ್ಟಿಗೇ ಕುಳ್ಳಯ್ಯನ ಬೆರಳು ಹಿಡಿದುಕೊಂಡವು. ಕೈ ಒದರಿದ, ಮತ್ತೆ ಹಿಡಿದ. ಕೆಚ್ಚಲಿನ ಗಟ್ಟಿಯಾಗಿದ್ದ ಮೂಲೆಗೆ ಬಂದಾಗ ಹಣೆಯ ಬೆವರು ಹಾಲಿಗೆ ಬೀಳದಂತೆ ಆ ಹರಿದ ಸೆರಗಿನಿಂದಲೇ ಒರೆಸಿಕೊಂಡ.

"ಕುಳ್ಳಯ್ಯೋ!" ಮುದ್ದಯ್ಯ ಹಗ್ಗ ಹೆಗಲಿಗೆ ಹಾಕಿಕೊಂಡು ಕೊಟ್ಟಿಗೆಯ ಬಾಗಿಲಿಗೇ ಬಂದ. ಒಳಗೆ ನೋಡಿ ಅವನ ಬಾಯಿಯ ಎಲೆಯಡಿಕೆ ಅಲ್ಲೇ ನಿಂತಿತು. "ಏನ್ಲಾ ಇದು ವೇಸ! ಊರಿಗೆಲ್ಲ ಹೇಳ್ಬುಡ್ತೀನಿ ನೋಡ್ಕ!"

ಕುಳ್ಳಯ್ಯ ಏಳಲಿಲ್ಲ. ಸೆರಗನ್ನೂ ತೆಗೆಯಲಿಲ್ಲ.

"ಹೇಳ್ಕ ಓಗ್ಲಾ. ಈಗ ಸದ್ದು ಮಾಡ್ಬ್ಯಾಡ, ತೊರೆ ಬುಟ್ಟೈತೆ," ಎಂದ.

ಮುದ್ದಯ್ಯ ಹಗ್ಗವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಹೊರಟ. ಚಲುವಮ್ಮ ತಲೆ ಎತ್ತಲಿಲ್ಲ. ಧಾರೆಯ ಸೀರೆಯಲ್ಲಿ, ಸೊಟ್ಟ ನೆರಿಗೆಯ ಮೇಲೆ ಕೈಗಳನ್ನಿಟ್ಟು ಹಸುವಿನ ಕೊರಳಿಗೆ ಒರಗಿದ್ದಳು. ಕಣ್ಣು ಮುಚ್ಚಿತ್ತು. ಹಾಲು ಬಕೆಟ್ಟಿಗೆ ಬೀಳುವ ಸದ್ದಿನ ಜೊತೆ ಮಡಿಲಲ್ಲಿದ್ದ ಬೆರಳುಗಳು ಒಂದಿಷ್ಟೇ ಮಡಿಚಿಕೊಂಡು, ನಿಂತು, ಬಿಚ್ಚಿಕೊಳ್ಳುತ್ತಿದ್ದವು. ಮೇಲಿನದು ಮೊದಲು, ಆಮೇಲೆ ಕೆಳಗಿನವು.