ವಯಸ್ಸು ಊಹಿಸುವ ಆಟ

"ನುಗ್ಗೆಸೊಪ್ಪು," ಎಂದಳು ವೇದಾ, ಡಬ್ಬಿಯ ಬಾಯಿಂದ ಮೂಗನ್ನು ಹಿಂದಕ್ಕೆಳೆದುಕೊಳ್ಳುತ್ತ. "ಒಣಗಿಸಿ ಪುಡಿ ಮಾಡಿರೋ ನುಗ್ಗೆಸೊಪ್ಪು, ಜೊತೆಗೊಂದಿಷ್ಟು ನೆಲ್ಲಿಕಾಯಿ. ನಮ್ಮ ತವರಿನ ಹಿತ್ತಲಲ್ಲಿ ಇದನ್ನ ಹಸು ತಿಂತಿತ್ತು ಮರಿಯಾ. ಅದಕ್ಕೂ ವಯಸ್ಸಾಯ್ತು."

ಮರಿಯಮ್ಮ ಹೊಲಿಗೆ ಯಂತ್ರದ ಹಿಂದಿನಿಂದ ಕೈಚಾಚಿ ಡಬ್ಬಿಯನ್ನು ಹಿಂದಕ್ಕೆ ಪಡೆದು, ಬಹು ಜೋಪಾನವಾಗಿ ಅದರ ಮುಚ್ಚಳ ತಿರುಗಿಸಿದಳು. "ಬರೀ ಸೊಪ್ಪಲ್ಲ ವೇದಕ್ಕ. ಜೀವಕೋಶ ಹೊಸದಾಗಿ ಹುಟ್ಟುತ್ತಂತೆ. ಹಳೇದೆಲ್ಲ ಉದುರಿ ಹೊಸದು ಬರುತ್ತೆ. ಅಶ್ವತ್ಥ್ ಸರ್ ಚಿತ್ರಾನೇ ತೋರ್ಸಿದ್ರು."

"ನಿಮ್ಮ ಅಶ್ವತ್ಥ್ ಸರ್ ಹೋದ ವರ್ಷ ಸೋಲದೇವನಹಳ್ಳಿ ಕಡೆ ಸೈಟ್ ತೋರಿಸ್ತಿದ್ದ. ಆವಾಗ ಅವನ ಚಿತ್ರದಲ್ಲಿ ಈಜುಕೊಳ ಇತ್ತು. ಸೈಟಲ್ಲಿ ಇರ್ಲಿಲ್ಲ, ಅಷ್ಟೇ."

ಸಹಕಾರನಗರದ ಆ ಮನೆಯ ಮೇಲಂತಸ್ತಿನಲ್ಲಿ ವೇದಾ ಒಬ್ಬಳೇ ಇದ್ದಳು. ಕೆಳಗಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದ ಮರಿಯಮ್ಮ ರವಿಕೆ ಹೊಲಿದು ಬದುಕುತ್ತಿದ್ದವಳು. ಯಂತ್ರ ತುಳಿಯುವ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಎದ್ದ ಗುಳ್ಳೆಯೊಂದು ಒಡೆದು ಹುಣ್ಣಾಗಿ, ಒಣಗುವ ಲಕ್ಷಣವನ್ನೇ ತೋರದೆ ಕೂತಿತ್ತು. ಸಕ್ಕರೆ ಕಾಯಿಲೆ ಎಲ್ಲೆ ಮೀರಿದೆ, ಸೋಮವಾರ ಬಂದು ಇನ್ಸುಲಿನ್ ಶುರು ಮಾಡಲೇಬೇಕು, ತಡವಾದರೆ ಬೆರಳು ತೆಗೆಯಬೇಕಾದೀತು, ಆಮೇಲೆ ಪಾದ ಎಂದು ವೈದ್ಯರು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದ್ದರು. ಮರಿಯಮ್ಮ ಆಸ್ಪತ್ರೆಯಿಂದ ಬಂದವಳೇ ಸಕ್ಕರೆಯ ಮಾತ್ರೆಯನ್ನೂ ನಿಲ್ಲಿಸಿ, ಬೆಳಗ್ಗೆ ಸಂಜೆ 'ಚಿರಕೋಶ' ಎಂಬ ಈ ಡಬ್ಬಿಯ ಪುಡಿಯನ್ನು ನೀರಿಗೆ ಕದಡಿ ಕುಡಿಯತೊಡಗಿದ್ದಳು.

"ದಿನವಿಡೀ ಸೂಜಿ ಹಿಡಿಯೋಳಿಗೆ ಸೂಜಿ ಭಯವೇನೇ?"

"ಬಟ್ಟೆಗೆ ನೋವಾಗಲ್ವಲ್ಲ ವೇದಕ್ಕ," ಎಂದು ಮರಿಯಮ್ಮ ನಕ್ಕಳು. "ಮೂರು ತಿಂಗಳು ಇದನ್ನೇ ನೋಡ್ತೀನಿ. ಏಸಪ್ಪನ ದಯೆ ಇದ್ರೆ ಸೂಜಿ ಬೇಕಾಗೋದೇ ಇಲ್ಲ."

ಮೂರು ತಿಂಗಳು! ಅಷ್ಟರಲ್ಲಿ ತುಳಿಯಲು ಕಾಲೇ ಇರುವುದಿಲ್ಲ ಎಂಬ ಮಾತು ವೇದಾಳ ತುಟಿಯವರೆಗೆ ಬಂದು ನಿಂತಿತು. ಹೇಳಿ ಪ್ರಯೋಜನವಿರಲಿಲ್ಲ. ಬುದ್ಧಿಯ ಮಾತನ್ನೆಲ್ಲ ಆಡಿ ಮುಗಿಸಿಯಾಗಿತ್ತು. ನಂಬಿಕೆ ಹುಟ್ಟಿದ ಜಾಗದಲ್ಲೇ ಅದನ್ನು ಮುರಿಯಬೇಕು, ಆ ವೇದಿಕೆಯ ಮೇಲೇ, ಮರಿಯಮ್ಮನ ಕಣ್ಣೆದುರಿಗೇ. ಅದಕ್ಕೆ ಅವಳು ದಾರಿ ಮಾಡಿಕೊಂಡಾಗಿತ್ತು.

ದಾರಿಯನ್ನು ತೋರಿಸಿದವನು ಅಶ್ವತ್ಥನೇ. ಉದ್ಯಾನದಲ್ಲಿ ವೇದಾ ಬೆಳಗಿನ ಸುತ್ತು ಮುಗಿಸಿ ಬೆವರೊರೆಸಿಕೊಳ್ಳುತ್ತಿದ್ದಾಗ ಅವನು ಹಲ್ಲು ಬಿಡುತ್ತ ಬಂದು ನಿಂತಿದ್ದ. ಕುತ್ತಿಗೆಯಲ್ಲಿ 'ಆರೋಗ್ಯ ಮಾರ್ಗದರ್ಶಕ' ಎಂಬ ಬಿಲ್ಲೆ. "ಮೇಡಂ, ನಿಮ್ಮನ್ನ ನೋಡಿದ್ರೆ ಐವತ್ತು ಅಂತಾನೂ ಹೇಳಕ್ಕಾಗಲ್ಲ. ಭಾನುವಾರ ಸಂಜಯನಗರದಲ್ಲಿ ನಮ್ಮ ಮೀಟಿಂಗ್ ಇದೆ. ನೀವು ಸುಮ್ನೆ ಬಂದು ಸ್ಟೇಜ್ ಮೇಲೆ ನಿಂತ್ಕೊಳ್ಳಿ. ಜನ ನಿಮ್ಮ ವಯಸ್ಸು ಊಹಿಸ್ತಾರೆ. ಆಮೇಲೆ ನೀವು ನಿಜವಾದ ವಯಸ್ಸು ಹೇಳಿದ್ರೆ ಆಯ್ತು. ಪುಡಿ ತಿಂದೆ ಅಂತ ನೀವು ಹೇಳೋದೇ ಬೇಡ. ಜನಾನೇ ತಿಳ್ಕೋತಾರೆ."

ಅವಳು ಒಪ್ಪಿದಳು. ಅವನ ಸುಳ್ಳಿನ ಹೊಲಿಗೆ ಎಷ್ಟು ಸಲೀಸೆಂದು ಮನಸ್ಸಿನಲ್ಲೇ ಉಗಿದಳು. ಅವನು ಒಂದೂ ಸುಳ್ಳಾಡುವುದಿಲ್ಲ, ಕೇಳಿದವರೇ ಸುಳ್ಳನ್ನು ಕಲ್ಪಿಸಿಕೊಳ್ಳಲೆಂದು ಜಾಗ ಬಿಟ್ಟುಕೊಡುತ್ತಾನೆ, ಅಷ್ಟೇ. ಆದರೆ 'ಐವತ್ತು ಅಂತಾನೂ ಹೇಳಕ್ಕಾಗಲ್ಲ' ಎಂಬ ಮಾತೊಂದನ್ನು ಮಾತ್ರ ಅವಳು ಆ ಸುಳ್ಳುಗಳ ಲೆಕ್ಕಕ್ಕೆ ಸೇರಿಸಲಿಲ್ಲ. ಮನೆಗೆ ಬಂದು ಕನ್ನಡಿಯೆದುರು ಕೊರಳೆತ್ತಿ ನೋಡಿಕೊಂಡಳು. ಅಯೋಗ್ಯನಿಗೂ ಕಣ್ಣಿರುತ್ತದೆ ಎಂದುಕೊಂಡಳು.

ಮನುಷ್ಯರ ಬಗ್ಗೆ ವೇದಾಳಿಗಿದ್ದ ತಿರಸ್ಕಾರ ವೃತ್ತಿಯಿಂದ ಬಂದದ್ದು. ಗಂಡ ತೀರಿಕೊಂಡಾಗ ಸ್ವಯಂನಿವೃತ್ತಿ ಪಡೆಯುವವರೆಗೂ ಅವಳು ವಿಮಾ ಕಚೇರಿಯೊಂದರಲ್ಲಿ ಕೂತು, ಪಾಲಿಸಿ ಮಾಡಿಸಲು ಬಂದವರ ವಯಸ್ಸಿನ ದಾಖಲೆಗಳನ್ನು ಪರೀಕ್ಷಿಸಿದ್ದಳು. ಕಂತು ಕಡಿಮೆಯಾಗಲೆಂದು ನಾಲ್ಕಾರು ವರ್ಷ ನುಂಗಿದವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದಳು. ಅಂಥವರ ಎದುರಿಗೆ ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಬಾಲ ಹಿಡಿದು ಎಸೆಯುವಂತೆ ಪಕ್ಕಕ್ಕಿಡುತ್ತಿದ್ದಳು. ಅವಳ ವಯಸ್ಸನ್ನು ಮಾತ್ರ ಯಾರೂ ಕೇಳುವ ಧೈರ್ಯ ಮಾಡಿರಲಿಲ್ಲ. ನಿವೃತ್ತಿಯ ನಂತರ ಬಾಡಿಗೆಗೆ ಬಂದ ಮರಿಯಮ್ಮನಿಗೆ ಅವಳ ತೋಳಿನ ಅಳತೆ, ಎದೆಯ ಅಳತೆ, ಬೆನ್ನಿನ ಅಳತೆ ಎಲ್ಲವೂ ಬಾಯಿಪಾಠ. ವಯಸ್ಸು ಗೊತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಸಂಜಯನಗರದ ಬೇಕರಿಯೊಂದರ ಮೇಲಿನ ಸಭಾಂಗಣಕ್ಕೆ ಇಬ್ಬರೂ ಆಟೋದಲ್ಲಿ ಬಂದರು. ಕಡಿದಾದ ಮೆಟ್ಟಿಲು. ಕಾಲಿಗೆ ಬಟ್ಟೆ ಸುತ್ತಿಕೊಂಡ ಮರಿಯಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ವೇದಾ ಅವಳ ಚೀಲವನ್ನೂ ತಾನೇ ಹೊತ್ತು ಮುಂದೆ ನಡೆದಳು. ಒಳಗೆ ಬೇಯುತ್ತಿದ್ದ ಬನ್ನಿನ ವಾಸನೆ, ಫ್ಯಾನುಗಳ ಕಿರುಚಾಟ, 'ನಿಮ್ಮ ಯೌವನ ನಿಮ್ಮ ಕೈಯಲ್ಲಿ' ಎಂಬ ಬ್ಯಾನರು. ಅದರ ಕೆಳಗೆ, ಕೈಯಲ್ಲಿದ್ದ ಯೌವನವನ್ನು ಎಂದೋ ಜಾರಿಸಿಕೊಂಡ ನೂರಾರು ಜನ ಉಪ್ಪಿಟ್ಟಿನ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದರು. ಸಾಯುವುದಕ್ಕೂ ರಿಯಾಯಿತಿ ಕೇಳುವ ಜನ ಎಂದು ವೇದಾ ಮನಸ್ಸಿನಲ್ಲೇ ಅಂದಳು.

ಮೊದಲು ಆರ್.ಟಿ. ನಗರದ ಫರೀದಾ ಎಂಬಾಕೆ ವೇದಿಕೆಗೆ ಬಂದಳು. "ನಂದು ಮೊಣಕಾಲು ಪೂರಾ ಹೋಗಿತ್ತು. ಮಕ್ಕಳು ಹಿಡ್ಕೊಂಡು ಬಾತ್ರೂಮಿಗೆ ಬಿಡ್ತಿದ್ರು. ಈ ಪುಡಿ ಶುರು ಮಾಡಿದ್ಮೇಲೆ ನೋಡಿ, ಇವತ್ತು ಮನೆಯಿಂದ ನಡ್ಕೊಂಡೇ ಬಂದೆ!"

ಸಭೆ ಚಪ್ಪಾಳೆ ತಟ್ಟಿತು. ವೇದಾ ಮರಿಯಮ್ಮನ ಕಿವಿಗೆ ಬಾಗಿದಳು. "ಆಟೋದಿಂದ ಇಳಿದು ಚಿಲ್ಲರೆಗೆ ಜಗಳ ಆಡ್ತಿದ್ಳು. ನಾನೇ ನೋಡಿದೆ."

"ನಿಮಗೆ ಯಾರನ್ನ ಕಂಡ್ರೂ ಆಗಲ್ಲ, ಬಿಡಿ," ಎಂದಳು ಮರಿಯಮ್ಮ, ಚಪ್ಪಾಳೆ ನಿಲ್ಲಿಸದೆ.

ಅಷ್ಟರಲ್ಲಿ ಮೈಕು ಅಶ್ವತ್ಥನ ಕೈಗೆ ಬಂತು. "ಈಗ ಒಂದು ಆಟ! ಸಹಕಾರನಗರದಿಂದ ಒಬ್ರು ಮೇಡಂ ಬಂದಿದಾರೆ. ಅವರ ವಯಸ್ಸೆಷ್ಟು, ನೀವೇ ಹೇಳ್ಬೇಕು!"

ಮರಿಯಮ್ಮ ಬೆರಗಾಗಿ ನೋಡುತ್ತಿದ್ದಂತೆ ವೇದಾ ಎದ್ದಳು. ರೇಷ್ಮೆ ಸೀರೆಯ ಸೆರಗನ್ನು ಸರಿಪಡಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ವೇದಿಕೆ ಹತ್ತಿದಳು. ಆಡಬೇಕಾದ ಮಾತು ಸಿದ್ಧವಾಗಿತ್ತು: ನನಗೆ ಅರವತ್ತೆರಡು. ಈ ಪುಡಿಯ ಒಂದು ಚಿಟಿಕೆಯನ್ನೂ ನಾಲಿಗೆಗೆ ಮುಟ್ಟಿಸಿಲ್ಲ. ಇವರು ನಿಮ್ಮನ್ನು ಮಂಗ ಮಾಡುತ್ತಿದ್ದಾರೆ. ಅಷ್ಟು ಹೇಳಿದರೆ ಸಾಕು. ಮರಿಯಮ್ಮ ಸೋಮವಾರ ಆಸ್ಪತ್ರೆಯ ಕುರ್ಚಿಯಲ್ಲಿರುತ್ತಾಳೆ. ಇನ್ನುಳಿದವರು ಹಾಳಾಗಿ ಹೋಗಲಿ.

"ಹೇಳಿ, ಹೇಳಿ! ಎಷ್ಟಿರ್ಬೋದು?"

ಸಭೆ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆಯಿತು. ವೇದಾ ಗಲ್ಲವನ್ನು ತುಸು ಮೇಲೆತ್ತಿ ಕಾದಳು. ಐವತ್ತೆರಡು ಎನ್ನಬಹುದು. ಹೊಟ್ಟೆಕಿಚ್ಚಿನವರು ಐವತ್ತೈದು ಎಂದಾರು.

ಮುಂದಿನ ಸಾಲಿನಲ್ಲಿ ಕೊಡಿಗೇಹಳ್ಳಿಯ ಆಂಜಿನಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಹಾಸ್ಟೆಲು ಕಟ್ಟಿಸಿ ಬಾಡಿಗೆ ಎಣಿಸುತ್ತಿದ್ದ ಮುದುಕ. ಅವನು ಕಣ್ಣು ಕಿರಿದು ಮಾಡಿ ನೋಡಿ, ಎಮ್ಮೆಯ ಹಲ್ಲೆಣಿಸಿ ವಯಸ್ಸು ಹೇಳುವವನ ನಿಷ್ಪಕ್ಷಪಾತದಿಂದ ಘೋಷಿಸಿದ: "ಎಪ್ಪತ್ತೆಲ್ಡು. ಎಚ್ಚಂದ್ರೆ ಎಪ್ಪತ್ಮೂರು. ತಪ್ ತಿಳ್ಕಬ್ಯಾಡ ಕಣವ್ವ, ನಮ್ಮಕ್ಕನೂ ಇಂಗೇ ಅವ್ಳೆ."

ಯಾರೋ ಕಿಸಕ್ಕೆಂದರು. "ಎಪ್ಪತ್ತು!" ಎಂದಿತು ಹಿಂದಿನಿಂದ ಇನ್ನೊಂದು ದನಿ. "ಎಪ್ಪತ್ನಾಲ್ಕು!" ಫರೀದಾ ಮಾತ್ರ ಕರುಣೆಯಿಂದ, "ಪಾಪ, ಅರವತ್ತೆಂಟು ಇರ್ಬೋದು. ಮುಖದಲ್ಲಿ ಕಳೆ ಇದೆ," ಎಂದಳು.

ವೇದಾಳ ನಾಲಿಗೆಯ ತುದಿಯಲ್ಲಿದ್ದ ಅರವತ್ತೆರಡು ಈಗ ಬೇರೆಯೇ ಅರ್ಥ ತಾಳಿ ನಿಂತಿತ್ತು. ಅದನ್ನು ಆಡಿದರೆ ಸಭೆಯೆಲ್ಲ ಘೊಳ್ಳೆಂದು ನಗುತ್ತದೆ, ಈ ಉಪ್ಪಿಟ್ಟು ತಿನ್ನುವ ಸಭೆ. ಆಡದಿದ್ದರೆ ಮರಿಯಮ್ಮನ ಕಾಲು. ಆಡಬೇಕು. ನಗಲಿ ಬಿಡು. ಅವಳು ಉಸಿರೆಳೆದುಕೊಂಡಳು.

ಆಗ ಅಶ್ವತ್ಥ ಮೈಕನ್ನು ಅಂಗೈಯಲ್ಲಿ ಮುಚ್ಚಿ ಹತ್ತಿರ ಬಂದ. ಅವನ ಮುಖದಲ್ಲಿ ಮಾರಾಟದ ನಗು ಇರಲಿಲ್ಲ. ನಿಜವಾದ ಅನುಕಂಪವಿತ್ತು. "ಪರ್ವಾಗಿಲ್ಲ ಮೇಡಂ, ಬಿಡಿ," ಎಂದು ಪಿಸುಗುಟ್ಟಿದ. "ಇಳಿದು ಕೂತ್ಕೊಳ್ಳಿ. ಬೇರೆ ಯಾರನ್ನಾದ್ರೂ ಕರೀತೀನಿ."

ಸೈಟಿನಲ್ಲಿಲ್ಲದ ಈಜುಕೊಳ ಮಾರಿದವನು ಅವಳ ಮೇಲೆ ಕನಿಕರ ತೋರಿಸುತ್ತಿದ್ದ! ವೇದಾ ಅವನ ಕೈಯಿಂದ ಮೈಕನ್ನು ಕಿತ್ತುಕೊಂಡಳು. ಸುಳ್ಳು ಹೇಳುವವರು ಯಾವಾಗಲೂ ದುಂಡು ಸಂಖ್ಯೆಯನ್ನೇ ಹಿಡಿಯುತ್ತಾರೆ, ಎಂಬತ್ತು ಎಂದರೆ ಅನುಮಾನ ಬರುತ್ತದೆ ಎಂಬುದು ಅವಳಿಗೆ ಕಚೇರಿ ಕಲಿಸಿದ ಪಾಠ.

"ಎಂಬತ್ತೊಂದು," ಎಂದಳು. "ಬರುವ ಆಷಾಢಕ್ಕೆ ಎಂಬತ್ತೆರಡು."

ಮರುಕ್ಷಣ ಸಭಾಂಗಣ ಎದ್ದು ನಿಂತಿತು. "ಎಂಬತ್ತೊಂದಾ! ಬೆನ್ನು ನೋಡ್ರೀ, ಕೋಲಿನ ಥರ ಇದೆ!" "ಕನ್ನಡಕಾನೂ ಇಲ್ಲ ಕಣೇ!" ಚಪ್ಪಾಳೆ ಸೂರಿಗೆ ಬಡಿದು ಮರಳಿತು. ಅಶ್ವತ್ಥ ಬಾಯಿ ತೆರೆದು ನಿಂತವನು, ಕಸುಬು ನೆನಪಾಗಿ ಮೈಕಿಗೆ ಬಾಗಿದ. "ಇದರ ಗುಟ್ಟೇನು ಮೇಡಂ?"

ಹೇಳಬಹುದಿತ್ತು. ಪುಡಿ ಮುಟ್ಟಿಲ್ಲ ಎಂಬ ಅರ್ಧ ಸತ್ಯವಾದರೂ ಕೈಯಲ್ಲಿತ್ತು. ಎದುರಿಗೆ ನೂರಾರು ಮುಖಗಳು ಅವಳನ್ನೇ ಆಸೆಗಣ್ಣಿನಿಂದ ನೋಡುತ್ತಿದ್ದವು. ಯಾರೂ ಯಾವತ್ತೂ ಅವಳನ್ನು ಹಾಗೆ ನೋಡಿರಲಿಲ್ಲ. ಮೂರ್ಖರು ಎಂದುಕೊಂಡಳು. ಮುಗುಳ್ನಕ್ಕು ಮೈಕನ್ನು ಅವನ ಕೈಗೆ ಹಿಂತಿರುಗಿಸಿದಳು.

"ನೋಡಿದ್ರಾ? ಹೇಳೋದೇ ಬೇಕಾಗಿಲ್ಲ!" ಎಂದು ಅಶ್ವತ್ಥ ಕೂಗಿದ.

ಇಳಿದು ಬರುವಷ್ಟರಲ್ಲಿ ಹೆಂಗಸರು ಮುತ್ತಿಕೊಂಡರು. ಒಬ್ಬಳು ಅವಳ ಕೆನ್ನೆ ಮುಟ್ಟಿದಳು, ಇನ್ನೊಬ್ಬಳು ಮೊಬೈಲು ಚಾಚಿ ಫೋಟೋ ತೆಗೆದಳು. ಅವರನ್ನೆಲ್ಲ ಸರಿಸಿಕೊಂಡು ಆಂಜಿನಪ್ಪ ಬಂದ. "ಯೇಟೋ ಎಮ್ಮೆ ಕಂಡೋನು ನಾನು, ನಿನ್ ಇಸ್ಯದಾಗೆ ಸೋತೆ ಕಣವ್ವ. ನಂಗೆಪ್ಪತ್ತಾರು. ನಿನ್ ಮುಂದೆ ನಾನು ಮಗ," ಎಂದವನೇ, ಮಂಡಿಗೆ ಕೈಯೂರಿ, ನರಳುತ್ತ ಬಾಗಿ, ಅವಳ ಎರಡೂ ಪಾದಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

ಹಿರಿಯರು ಕಿರಿಯರ ಕಾಲಿಗೆ ಬೀಳಕೂಡದು, ಬಿದ್ದರೆ ಕಿರಿಯರ ಆಯುಸ್ಸು ಸವೆಯುತ್ತದೆ ಎಂದು ಅವಳ ತಾಯಿ ಹೇಳುತ್ತಿದ್ದಳು. ವೇದಾಳ ಪಾದಗಳು ಹಿಂದಕ್ಕೆ ಸರಿಯಲು ತವಕಿಸಿದವು. ಸುತ್ತಲೂ ಜನ. ಅವಳು ಕೈಯೆತ್ತಿ ಅವನ ಬೋಳುತಲೆಯ ಮೇಲೆ ಇಟ್ಟಳು.

ಮರಿಯಮ್ಮ ಗುಂಪಿನ ಹೊರಗೆ ಗೋಡೆಗೊರಗಿ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. ಕೈಚೀಲದಲ್ಲಿ ಎರಡು ಹೊಸ ಡಬ್ಬಿಗಳಿದ್ದವು.

"ಎಂಥಾ ಗಟ್ಟಿಗಿತ್ತಿ ನೀವು," ಎಂದಳು. "ಹಸು ತಿಂತಿತ್ತು ಅಂತ ನನ್ನ ಹತ್ರ ತಮಾಷೆ! ಗುಟ್ಟಾಗಿ ತಗೋತಿದ್ರಿ, ಅಲ್ವಾ?"

"ಮರಿಯಾ, ನಾಳೆ ಆಸ್ಪತ್ರೆಗೆ—"

"ಇನ್ನೆಲ್ಲೀ ಆಸ್ಪತ್ರೆ? ಆಗ್ಲೇ ಫೋನ್ ಮಾಡಿ ಬರಲ್ಲ ಅಂದೆ." ಮರಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಷ್ಟು ದಿನ ಅಕ್ಕ ಅಕ್ಕ ಅಂತ ಕೂಗ್ತಿದ್ದೆ, ತಪ್ಪಾಯ್ತು. ನಮ್ಮಮ್ಮ ಇದ್ದಿದ್ರೂ ನಿಮಗಿಂತ ಚಿಕ್ಕೋಳು. ಬನ್ನಿ ಅಮ್ಮ."

ಮೆಟ್ಟಿಲ ಬಾಗಿಲಲ್ಲಿ ಜನ ದಾರಿ ಬಿಟ್ಟು ಎರಡು ಬದಿಗೆ ನಿಂತರು. "ಹುಷಾರು, ಅಜ್ಜಿ ಇಳೀತಿದಾರೆ," ಎಂದು ಯಾರೋ ಎಚ್ಚರಿಸಿದರು. ಹಿಂದೆಯೇ ಅಶ್ವತ್ಥ ಹಲ್ಲು ಬಿಡುತ್ತ ನಿಂತಿದ್ದ. ಕಂಬಿಯ ಕಡೆಯ ಜಾಗವನ್ನು ವೇದಾಳಿಗೆ ಬಿಟ್ಟುಕೊಟ್ಟ ಮರಿಯಮ್ಮ, ಒಂದು ಮೆಟ್ಟಿಲು ಮೊದಲೇ ಇಳಿದು, ಹುಣ್ಣಾದ ಕಾಲನ್ನು ಗಟ್ಟಿಯಾಗಿ ಊರಿ, ತಿರುಗಿ ಕೈ ಚಾಚಿದಳು. ಸುತ್ತಿದ ಬಟ್ಟೆಯ ಮೇಲೆ ತಿಳಿಹಳದಿ ಕಲೆಯೊಂದು ಹರಡುತ್ತಿತ್ತು.

ವೇದಾ ಆ ಕೈಯನ್ನು ಹಿಡಿದುಕೊಂಡಳು. ಮೊದಲು ಒಂದು ಪಾದವನ್ನು ಇಳಿಸಿದಳು. ಅದರ ಪಕ್ಕಕ್ಕೆ ಇನ್ನೊಂದನ್ನು ತಂದಿಟ್ಟು, ನಿಂತು, ಸ್ವಲ್ಪ ಉಸಿರೆಳೆದುಕೊಂಡಳು. ಆಮೇಲೆ ಮುಂದಿನ ಮೆಟ್ಟಿಲಿಗೆ, ಎಂಬತ್ತು ದಾಟಿದವರು ಇಳಿಯುವಂತೆ, ಮತ್ತೆ ಮೊದಲಿನ ಪಾದವನ್ನು ನಿಧಾನವಾಗಿ ಇಳಿಬಿಟ್ಟಳು.