ಕುತ್ತಿಗೆಯ ನೆರಳು

ಗಂಟಲಿನ ಡಾಕ್ಟರಿಗೆ ಸ್ಟೆತಸ್ಕೋಪಿನಿಂದ ಅಷ್ಟೇನೂ ಕೆಲಸವಿಲ್ಲ. ಆದರೂ ರೀಲ್ಸ್ ಮಾಡುವಾಗ ನಮ್ಮ ಕಿವಿ-ಮೂಗು-ಗಂಟಲು ತಜ್ಞರು ಅದನ್ನು ಹಾರದ ಹಾಗೆ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಅದಿಲ್ಲದಿದ್ದರೆ ಜನ ಡಾಕ್ಟರೆಂದು ನಂಬುವುದಿಲ್ಲವಂತೆ. ಆಸ್ಪತ್ರೆಯಿಂದ ಬಂದವರೇ ಊಟದ ಕೋಣೆಯಲ್ಲಿ ರಿಂಗ್ ಲೈಟ್ ನಿಲ್ಲಿಸಿ, ತಲೆ ಬಾಚಿಕೊಂಡು, ಊರಿಗೆಲ್ಲ ಉಪದೇಶ ಶುರು ಮಾಡುವರು. ಬಂದ ಕಾಮೆಂಟುಗಳಿಗೆ ಅವರ ಹೆಸರಿನಲ್ಲಿ ಕೈಮುಗಿಯುವ ಕೆಲಸ ಹೆಂಡತಿಯದು.

ಆ ಸಂಜೆಯ ವಿಷಯ ಥೈರಾಯ್ಡ್. ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ ಒಂದು ಗುಟುಕು ನೀರು ನುಂಗಬೇಕು. ಕುತ್ತಿಗೆಯ ಬುಡದಲ್ಲಿ ಗಂಟು ಮೇಲೆ ಕೆಳಗೆ ಸರಿದರೆ ಡಾಕ್ಟರನ್ನು ಕಾಣಬೇಕು. ಇದನ್ನು ತೋರಿಸಲು ಒಂದು ಕುತ್ತಿಗೆ ಬೇಕಿತ್ತು. ಬಿಟ್ಟಿ ಸಿಕ್ಕಿದ್ದು ಹೆಂಡತಿಯದು.

ಅವಳು ನುಂಗಿದಳು.

"ಏ ನಿಲ್ಲು, ನಿಲ್ಲು. ಕುತ್ತಿಗೆ ಮೇಲೆ ಏನೋ ನೆರಳು ಬೀಳ್ತಾ ಇದೆ ಕಣೇ. ಈ ಕಡೆ ತಿರುಗು."

ಮತ್ತೆ ನುಂಗಿದಳು. ದೀಪ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಕಡೆಗೆ ಸ್ಟೂಲೂ ಹತ್ತಿತು. ನೆರಳು ಮಾತ್ರ ಜಗ್ಗಲಿಲ್ಲ. ನೀರು ಕುಡಿದೂ ಕುಡಿದೂ ಅವಳ ಹೊಟ್ಟೆ ಉಬ್ಬಿತು.

"ರೀ, ನುಂಗುವಾಗ ಇಲ್ಲೇನೋ ಅಡ್ಡ ಬಂದ ಹಾಗಾಗುತ್ತೆ."

"ಕ್ಯಾಮೆರಾ ಮುಂದೆ ಎಲ್ಲರಿಗೂ ಹಾಗೇನೇ. ಹೆದರಿಕೆ ಅದು."

ಫಿಲ್ಟರ್ ಹಾಕಿದರು. ಅವಳಿಗೆ ಹತ್ತು ವರ್ಷ ಇಳಿಯಿತು, ನೆರಳು ಹೋಗಲಿಲ್ಲ. "ಹೋಗಲಿ ಬಿಡು, ಯಾರು ನೋಡ್ತಾರೆ" ಎಂದು ಕೆಳಗೆ ದಪ್ಪ ಅಕ್ಷರದಲ್ಲಿ ಬರೆದರು: ಆರೋಗ್ಯವಂತ ಕುತ್ತಿಗೆ ಹೀಗಿರುತ್ತದೆ.

ಬೆಳಗಾಗುವಷ್ಟರಲ್ಲಿ ಲಕ್ಷ ಜನ ನೋಡಿದ್ದರು. ಚಪ್ಪಾಳೆಗಳ ನಡುವೆ ಒಂದು ಕಾಮೆಂಟು ಅವಳ ಕಣ್ಣಿಗೆ ಬಿತ್ತು: "ನೀರು ನುಂಗುತ್ತಿರುವವರ ಕುತ್ತಿಗೆಯ ಬಲಗಡೆ ಗಂಟು ಸರಿದಾಡುತ್ತಿದೆ. ದಯವಿಟ್ಟು ಸ್ಕ್ಯಾನ್ ಮಾಡಿಸಿ."

ಬರೆದವರು ಗಂಡನ ಆಸ್ಪತ್ರೆಯವರೇ ಆದ ಹಿರಿಯ ಸರ್ಜನ್. ಗಂಡ ಅವರಿಗಿಟ್ಟ ಹೆಸರು 'ಹಳೇ ರೇಡಿಯೋ'. ಮೊಮ್ಮಗಳ ಫೋಟೋ ನೋಡಲೆಂದೇ ಅಕೌಂಟ್ ಇಟ್ಟುಕೊಂಡವರು. "ರೋಗಿ ಎದುರಿಗೇ ಕೂತಿರುವಾಗ ಡಾಕ್ಟರಿಗೆ ಫೋನಿನ ಪರದೆ ಯಾಕಪ್ಪಾ?" ಎಂದು ಅವರು ಒಮ್ಮೆ ಕೇಳಿದ್ದಕ್ಕೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಂಡ ಮನೆಗೆ ಬಂದು ನಕ್ಕಿದ್ದರು.

ಫೋನು ಹಿಡಿದು ಗಂಡನ ಬಳಿ ಹೋದಳು. ಅವರು ಗಡ್ಡಕ್ಕೆ ನೊರೆ ಹಚ್ಚುತ್ತಿದ್ದರು.

"ಹೊಟ್ಟೆಕಿಚ್ಚು ಕಣೇ! ನನ್ನ ವಿಡಿಯೋ ಓಡಿದ್ದು ತಡೆಯೋಕಾಗ್ತಿಲ್ಲ ಆ ಮುದುಕರಿಗೆ. ಅಳಿಸಿಹಾಕಿ ಬ್ಲಾಕ್ ಮಾಡು."

"ಒಂದ್ಸಲ ಮುಟ್ಟಿ ನೋಡ್ರೀ."

"ಸಂಜೆ ನೋಡೋಣ. ಈಗ ಲೈವ್ ಇದೆ."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮನೆಯ ಡಾಕ್ಟರಿಗೆ ಹಿತ್ತಲ ಗಿಡದ ರೋಗವೂ ಕಾಣುವುದಿಲ್ಲ ಎಂದು ಯಾರೂ ಗಾದೆ ಕಟ್ಟಿಲ್ಲ. ಅವಳಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಲಕ್ಷ ಜನ ನೋಡಿದ ಕುತ್ತಿಗೆಯನ್ನು ಗಂಡ ಮಾತ್ರ ನೋಡಿರಲಿಲ್ಲ.

ಏನನ್ನೂ ಅಳಿಸಲಿಲ್ಲ. ಆಸ್ಪತ್ರೆಗೆ ಹೋಗಿ, ಎಲ್ಲರಂತೆ ಚೀಟಿ ತೆಗೆದುಕೊಂಡು, 'ಹಳೇ ರೇಡಿಯೋ'ದ ಬಾಗಿಲಲ್ಲಿ ಕೂತಳು. ಎದುರಿನ ಗೋಡೆಯ ಪೋಸ್ಟರಿನಲ್ಲಿ ಗಂಡ ಕೈಕಟ್ಟಿ ನಗುತ್ತಿದ್ದರು.

ಹಿರಿಯರು ಅವಳ ಹಿಂದೆ ನಿಂತು ಕುತ್ತಿಗೆಗೆ ಬೆರಳಿಟ್ಟು, "ನುಂಗಮ್ಮಾ" ಎಂದರು. ಒಂದೇ ಗುಟುಕು ಸಾಕಾಯಿತು.

"ಯಜಮಾನ್ರಿಗೆ ಹೇಳಿದ್ರಾ?"

"ಅವರು ಲೈವ್‌ನಲ್ಲಿದ್ದಾರೆ ಡಾಕ್ಟ್ರೇ."

ಅವರು ನಗಲಿಲ್ಲ. ಸ್ಕ್ಯಾನಿಗೂ ಸೂಜಿ ಪರೀಕ್ಷೆಗೂ ಬರೆದುಕೊಟ್ಟರು.

ಗಂಟು ಕ್ಯಾನ್ಸರೇ ಆಗಿತ್ತು. ಬೇಗ ಸಿಕ್ಕಿದ್ದರಿಂದ ಗ್ರಂಥಿಯ ಅರ್ಧ ತೆಗೆದರೆ ಸಾಕಾಯಿತು. ತೆಗೆದವರು ಹಿರಿಯರೇ. ರಿಪೋರ್ಟ್ ನೋಡಿದ ದಿನ ಗಂಡ ಅವಳ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತರು. ಆ ಅಳು ನಿಜವಾದದ್ದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಆಪರೇಷನ್ ಮುಗಿದು ಅವಳು ಎದ್ದು ಕೂರುವ ಹೊತ್ತಿಗೆ ವಾರ್ಡಿನೊಳಗೆ ರಿಂಗ್ ಲೈಟ್ ಬಂದಿತ್ತು.

"ನಿನ್ನ ಕಥೆ ಕೇಳಿದ್ರೆ ಎಷ್ಟೋ ಜನಕ್ಕೆ ಜಾಗೃತಿ ಆಗುತ್ತೆ ಕಣೇ. ಹೆಸರೂ ಯೋಚಿಸಿದೀನಿ. 'ನನ್ನ ಹೆಂಡತಿಯ ಕ್ಯಾನ್ಸರ್ ಪತ್ತೆಯಾಗಿದ್ದು ನನ್ನ ವಿಡಿಯೋದಿಂದ.' ಸುಳ್ಳೇನಲ್ಲವಲ್ಲ?"

ಅವಳಿಗಿನ್ನೂ ದನಿ ಬಂದಿರಲಿಲ್ಲ. ಫೋನು ಕೊಡಿ ಎಂದು ಸನ್ನೆ ಮಾಡಿದಳು. ಅವರು ಖುಷಿಯಿಂದ ಕೊಟ್ಟು, ಬ್ಯಾಂಡೇಜಿನ ನೆರಳು ಬೀಳದಂತೆ ದೀಪ ಸರಿಪಡಿಸತೊಡಗಿದರು.

ಅವಳು ಹಳೆಯ ವಿಡಿಯೋ ತೆರೆದು, ಹಿರಿಯರ ಕಾಮೆಂಟನ್ನು ಎಲ್ಲಕ್ಕಿಂತ ಮೇಲೆ ಬರುವಂತೆ ಇಟ್ಟಳು. ಅದರ ಕೆಳಗೆ, ಎಂದಿನಂತೆ ಗಂಡನ ಹೆಸರಿನಲ್ಲೇ, ಬರೆದಳು: "ಹೌದು ಸರ್, ಗಂಟಿತ್ತು. ನಾನು ಅದನ್ನು ನೆರಳು ಅಂದುಕೊಂಡೆ. ನೀವು ನೋಡಿದಿರಿ." ಕೊನೆಗೆ ಕೈಮುಗಿದಳು.

ಫೋನು ಟಿಂಗ್ ಟಿಂಗ್ ಎನ್ನತೊಡಗಿತು. ಗಂಡ ಬಗ್ಗಿ ಓದಿದರು. ಮುಖ ಬಿಳಚಿಕೊಂಡಿತು.

"ಏನೇ ಮಾಡಿದೆ ಇದು!"

"ಜಾಗೃತಿ" ಎಂದು ಪಿಸುಗುಟ್ಟಿದಳು. "ಆ ದೀಪ ಆರಿಸಿ ಇಲ್ಲಿ ಬನ್ನಿ. ಇನ್ನರ್ಧ ಉಳಿದಿದೆ. ಅದನ್ನಾದ್ರೂ ಕೈಯಿಂದ ಮುಟ್ಟಿ ನೋಡಿ."