ಬೇಡಿ ಪಡೆದ ಬಟ್ಟೆ

ಹಾಜರಾಳ ಗಂಡ ಇನಾಯತುಲ್ಲಾ ಬೆಂಗಳೂರಿನಿಂದ ಕೂಸಿಗೆಂದು ರಬ್ಬರಿನ ಚಡ್ಡಿ ತಂದಿದ್ದ. ಭದ್ರಾ ಅಣೆಕಟ್ಟಿಗೆ ಸಿಮೆಂಟು ಸಾಗಿಸುವ ಲಾರಿಯ ಡ್ರೈವರ್ ಆತ. ಊರೂರು ಸುತ್ತುವವನಿಗೆ ಹೊಸದೇನು ಕಂಡರೂ ಕೊಳ್ಳುವ ಚಟ. ಶಿವಮೊಗ್ಗದ ದುರ್ಗಿಗುಡಿಯ ಮನೆಯ ನಡುವೆ ನಿಂತು ಅದನ್ನು ಹಿಗ್ಗಿಸಿ ಹಿಗ್ಗಿಸಿ ತೋರಿಸಿದ.

"ಒಳಗೆ ಹತ್ತಿ ಪದರ ಇಡೋದು, ಒದ್ದೆ ಆದ್ರೆ ಬಿಸಾಕೋದು. ಒಗೆಯೋ ಕೆಲಸಾನೇ ಇಲ್ಲ ಮಾರಾಯ್ತಿ."

"ಹುಟ್ಟದೇ ಇರೋ ಕೂಸಿಗೆ ಅಂಗಡಿ ಸಾಮಾನು ತರ್ತಾರಾ? ಮೊದ್ಲು ಅದನ್ನ ಹೊರಗೆ ಹಾಕಿ," ಎಂದಳು ತುಂಬು ಬಸುರಿ ಹಾಜರಾ. ಪಾಪ, ಆತ ಅದನ್ನು ಯಾರಿಗೋ ಕೊಟ್ಟು ಬಂದ.

ಅವಳನ್ನು ಬೈದು ಏನು ಪ್ರಯೋಜನ? ಎರಡು ಕೂಸು ಹೆತ್ತು, ಎರಡನ್ನೂ ಬಾಣಂತನ ಮುಗಿಸುವ ನಲವತ್ತರ ಸ್ನಾನಕ್ಕೆ ಮೊದಲೇ ಮಣ್ಣು ಮಾಡಿದವಳು ಅವಳು. ಆ ಎರಡಕ್ಕೂ ಅಂಗಡಿಯ ಹೊಸ ಬಟ್ಟೆಯನ್ನೇ ಹರಿದು ಸುತ್ತಿದ್ದರು. ಹೊಸದು ಆಗಿಬರಲಿಲ್ಲ ಎಂದು ಅತ್ತೆ ಕುಲ್ಸುಂಬಿ ಹೇಳಿದರು, ಎದುರುಮನೆಯ ಶೇಷಮ್ಮನೂ ಹೇಳಿದರು. ಈ ಒಂದು ವಿಷಯದಲ್ಲಿ ಆ ಬೀದಿಯ ಸಾಬರಿಗೂ ಹಿಂದೂಗಳಿಗೂ ಜಗಳವೇ ಇರಲಿಲ್ಲ. ಮಕ್ಕಳು ನಿಲ್ಲದ ತಾಯಿ, ಮಕ್ಕಳು ನಿಂತ ಮನೆಯಿಂದ ಹಳೇ ಬಟ್ಟೆ ಬೇಡಿ ತರಬೇಕು. ಆ ಮನೆಯ ಕೂಸುಗಳು ಒದ್ದೆ ಮಾಡಿ, ಒಗೆದು ಒಗೆದು ಮೆತ್ತಗಾದ ಬಟ್ಟೆಯೇ ಹೊಸ ಕೂಸಿನ ಮೈಗೆ ಮೊದಲು ತಾಗಬೇಕು. ದುಡ್ಡಿಗೆ ಕೊಂಡರೆ ನಡೆಯುವುದಿಲ್ಲ. ಕೈಯೊಡ್ಡಿಯೇ ಬೇಡಬೇಕು.

ಹಾಜರಾ ಬೇಡಿದ್ದು ಒಡಹುಟ್ಟಿದ ಅಕ್ಕ ಹಫೀಜಾಳನ್ನು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹಫೀಜಾಳ ಸಂಸಾರ. ಹೆತ್ತ ಐದಕ್ಕೆ ಐದೂ ಬದುಕಿ, ಕಲ್ಲು ತಿಂದು ಕರಗಿಸುವ ಹಾಗೆ ಬೆಳೆದಿದ್ದವು. ಅವುಗಳ ಹಳೇ ಬಟ್ಟೆಯನ್ನೆಲ್ಲ ಅವಳು ಗಂಟು ಕಟ್ಟಿ ಟ್ರಂಕಿನಲ್ಲಿ ಜೋಪಾನ ಮಾಡಿದ್ದಳು. ತಂಗಿ ಕೈಯೊಡ್ಡಿದಾಗ ಅವಳ ಕಣ್ಣಲ್ಲಿ ನೀರು ಬಂತು.

"ಹುಚ್ಚಿ, ನನ್ನ ಹತ್ರ ಬೇಡಬೇಕೇನೇ? ನಾನೇ ತರ್ತೀನಿ," ಎಂದಳು.

ತಂದಳು ಕೂಡ. ತಂಗಿಯ ಕೂಸು ನಿಯಾಜ್ ಹುಟ್ಟಿದ ದಿನವೇ ಮೊದಲ ಬಸ್ಸಿಗೆ ಓಡಿಬಂದು, ಬೆಣ್ಣೆಯಷ್ಟು ಮೆತ್ತಗಿನ ಬಿಳೀ ಬಟ್ಟೆಯ ಗಂಟು ಬಿಚ್ಚಿದಳು. "ಇದು ನನ್ನ ದೊಡ್ಡವನದ್ದು, ಇದು ಕಿರಿಯವಳದ್ದು," ಎಂದು ಒಂದೊಂದನ್ನೇ ಎತ್ತಿ ತೋರಿಸಿದಳು. ಹಾಜರಾ ಒಂದೊಂದನ್ನೂ ಕಣ್ಣಿಗೊತ್ತಿಕೊಂಡಳು. ಇಂಥ ಅಕ್ಕ ಯಾರಿಗಿದ್ದಾಳೆ ಎಂದು ಬಂದವರ ಮುಂದೆಲ್ಲ ಹೇಳಿಕೊಂಡಳು.

ಬಾಣಂತನ ಅರ್ಧ ಕಳೆದಿತ್ತು. ಒಂದು ಮಧ್ಯಾಹ್ನ ಕೂಸಿನ ಒದ್ದೆ ಬಟ್ಟೆ ಬದಲಿಸುವಾಗ ಮೂಲೆಯಲ್ಲಿ ಏನೋ ಕಪ್ಪಗೆ ಕಂಡಿತು. ಕೊಳೆಯೆಂದು ಉಜ್ಜಿದಳು, ಹೋಗಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಎರಡು ಗೀಟು, ಒಂದು ಚುಕ್ಕೆ. ಯಾರ ಮನೆಯ ಬಟ್ಟೆಯೆಂದು ತಿಳಿಯಲು ಅಗಸರು ಗೇರಿನ ಮಸಿಯಲ್ಲಿ ಹಾಕುವ ಗುರುತು. ಎಷ್ಟು ಒಗೆದರೂ ಹೋಗದ ಮಸಿ ಅದು.

ಹಫೀಜಾ ಜನ್ಮದಲ್ಲಿ ಅಗಸರಿಗೆ ಬಟ್ಟೆ ಹಾಕಿದವಳಲ್ಲ. ಅದರಲ್ಲೂ ಕೂಸಿನ ಬಟ್ಟೆಯನ್ನು ಯಾರಾದರೂ ಅಗಸರಿಗೆ ಹಾಕುತ್ತಾರೆಯೇ? ಗಂಟನ್ನೆಲ್ಲ ಸುರಿದು ಹುಡುಕಿದಳು. ಇನ್ನೊಂದು ತುಂಡಿನಲ್ಲೂ ಅದೇ ಗೀಟು, ಅದೇ ಚುಕ್ಕೆ. ದೊಡ್ಡವನದ್ದೂ ಅಲ್ಲ, ಕಿರಿಯವಳದ್ದೂ ಅಲ್ಲ. ಅಂಚು ನೋಡಿದರೆ ದೊಡ್ಡ ಬಟ್ಟೆಯಿಂದ ಕತ್ತರಿಸಿದ್ದು, ಯಾರೋ ಹೊದ್ದ, ಯಾರೋ ಸತ್ತು ಮಲಗಿದ್ದರೂ ಮಲಗಿರಬಹುದಾದ ಚಾದರ.

ಕೂಸಿನ ಮೈಮೇಲಿದ್ದದ್ದನ್ನು ಕಿತ್ತೆಸೆದು, ಬೆತ್ತಲೆ ಕೂಸನ್ನು ಎದೆಗವಚಿಕೊಂಡು ಕೂತಳು. ಅತ್ತೆ ಕೇಳಿದರೆ ಸೆಕೆ ಎಂದಳು. ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಏನನ್ನು? ಅಕ್ಕನನ್ನು ಹೊಗಳಿದ ಬಾಯಿ ಅದೇ ಅಲ್ಲವೇ? ಅಂದಿನಿಂದ ತನ್ನದೇ ಹಳೇ ಸೀರೆ ಹರಿದು ಸುತ್ತಿದಳು. ಕೂಸು ಸೀನಿದರೆ ಜೀವ ಬಾಯಿಗೆ ಬರುತ್ತಿತ್ತು, ತುಸು ಹೆಚ್ಚು ಹೊತ್ತು ಮಲಗಿದರೆ ಮೂಗಿನ ಬಳಿ ಬೆರಳಿಡುತ್ತಿದ್ದಳು. ಹೊಸಿಲು ದಾಟುವಂತಿಲ್ಲದ ಬಾಣಂತಿ ಇನ್ನೇನು ಮಾಡಿಯಾಳು? ಒಳಗೊಳಗೇ ಬೆಂದಳು.

ನಲವತ್ತರ ಸ್ನಾನವೂ ಆಯಿತು. ನಿಯಾಜ್ ಕೈಕಾಲು ಬಡಿಯುತ್ತ ಗುಂಡುಗುಂಡಗಿದ್ದ. ಮಾರನೆಯ ದಿನವೇ ಹಾಜರಾ ಕೂಸನ್ನೆತ್ತಿಕೊಂಡು ಭದ್ರಾವತಿ ಬಸ್ಸು ಹತ್ತಿದಳು.

ಹಫೀಜಾ ಬಾಗಿಲಲ್ಲೇ ಕೂಸಿಗೆ ದೃಷ್ಟಿ ತೆಗೆದು ಒಳಗೆ ಕರೆದಳು. ಹಾಜರಾ ಕೂರಲಿಲ್ಲ. ಗುರುತಿದ್ದ ತುಂಡನ್ನು ತೆಗೆದು ಮುಂದೆ ಹಿಡಿದಳು.

"ಇದು ಯಾವ ಮಗಂದು ಆಪಾ?"

ಹಫೀಜಾ ಆ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕೆಳಗೆ ನೋಡುತ್ತ ಹೇಳಿದಳು. "ಕಾರ್ಖಾನೆ ಗೆಸ್ಟ್ ಹೌಸಿಂದು. ಹಳೇ ಚಾದರ ಹರಾಜಿನಲ್ಲಿ ಇವರು ತಂದಿದ್ರು. ಕುದಿಸಿ, ಒಗೆದು, ನಾನೇ ಕತ್ತರಿಸ್ದೆ."

"ಯಾಕೆ?"

"ನಿಂಗೆ ಎರಡು ಹೋಗಿತ್ತಲ್ಲೇ. ಬಟ್ಟೆ ಜೊತೆ ನನ್ನ ಮಕ್ಕಳ ಆಯಸ್ಸೂ ಹೋಗ್ಬಿಟ್ರೆ ಅಂತ ಹೆದರಿಕೆ ಆಯ್ತು. ಟ್ರಂಕಿನ ತನಕ ಹೋದೆ, ಕೈ ಬರಲಿಲ್ಲ." ಹಫೀಜಾ ಅತ್ತಳು. "ನನ್ನ ಜಾಗದಲ್ಲಿ ನೀನಿದ್ದಿದ್ರೆ ಏನ್ ಮಾಡ್ತಿದ್ದೆ, ಹೇಳು?"

"ಕೊಡಲ್ಲ ಅಂತ ಮುಖಕ್ಕೆ ಹೇಳ್ತಿದ್ದೆ. ನೀನು ಹಾಗೆ ಹೇಳಿದ್ದಿದ್ರೆ ನಾನು ಇನ್ನೊಂದು ಮನೆ ಬಾಗಿಲಿಗೆ ಹೋಗ್ತಿದ್ದೆ. ಎದುರುಮನೆ ಶೇಷಮ್ಮ ತಾನಾಗೇ ಕೊಡ್ತೀನಿ ಅಂದಿದ್ರು. ನಮ್ಮಕ್ಕ ಇದ್ದಾಳೆ, ಬೇಡ ಅಂದೆ ಆಪಾ, ನಮ್ಮಕ್ಕ ಇದ್ದಾಳೆ ಅಂದೆ."

ಹಫೀಜಾ ತಡೆಯಲಾರದೆ ಒಳಗೋಡಿ ಟ್ರಂಕು ತೆರೆದಳು. ಮಾಸಿದ, ಅಂಚು ಸವೆದ, ಐದು ಮಕ್ಕಳನ್ನು ಸಾಕಿದ ಆ ಗಂಟನ್ನು ತಂದು ತಂಗಿಯ ಕಾಲ ಬಳಿ ಇಟ್ಟಳು.

"ತಗೊಂಡು ಹೋಗು, ಎಲ್ಲಾನೂ. ಇನ್ನೇನು ಭಯ ಇಲ್ಲ. ನಲವತ್ತು ಕಳೀತು, ಕೂಸು ಗಟ್ಟಿಯಾಗಿದೆ."

ಹಾಜರಾ ಅಕ್ಕನ ಮುಖವನ್ನೇ ನೋಡಿದಳು. ನಿಯಾಜ್ ಸತ್ತಿದ್ದರೆ ಈ ಗಂಟು ಟ್ರಂಕಿನಲ್ಲೇ ಇರುತ್ತಿತ್ತು, ಅಕ್ಕ ಶಿವಮೊಗ್ಗಕ್ಕೆ ಬಂದು ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಳು, ತಾನು ಅವಳ ಹೆಗಲ ಮೇಲೆಯೇ ತಲೆಯಿಟ್ಟು ಅಳುತ್ತಿದ್ದಳು.

ಅಷ್ಟರಲ್ಲಿ ಕೂಸು ಒದ್ದೆ ಮಾಡಿತು. ಹಫೀಜಾ ಗಂಟಿನಿಂದ ಒಂದು ಬಟ್ಟೆ ಎಳೆದು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ಇದೊಂದಾದ್ರೂ ಹಾಕೇ."

ಹಾಜರಾ ಸೆರಗಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದಳು. ಒಳ್ಳೇ ಸೀರೆ, ಹೆರಿಗೆಯಾದ ಖುಷಿಗೆ ಇನಾಯತುಲ್ಲಾ ತಂದದ್ದು. ಅದನ್ನು ಕೂಸಿಗೆ ಸುತ್ತಿ ಎತ್ತಿಕೊಂಡಳು.

"ನಿನ್ನ ಮಕ್ಕಳು ಚೆನ್ನಾಗಿರ್ಲಿ ಆಪಾ," ಎಂದಳು. ಅದನ್ನು ಮನಸಾರೆ ಹೇಳಿದಳು. ಆಮೇಲೆ ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು. ಹಿಂದಿನಿಂದ ಹಫೀಜಾ ಕೂಗುತ್ತಲೇ ಇದ್ದಳು, ಇವಳು ತಿರುಗಿ ನೋಡಲಿಲ್ಲ.